ಮನೆಯಲ್ಲೇ ಕೂತು ಇಂಗ್ಲಿಷ್ ಕಲಿಯುವ ದೊಡ್ಡವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯ ಗಂಜ್‌ನಲ್ಲಿ ಒಂದು ದಾಲ್ ಮಿಲ್‌ನ ಲೆಕ್ಕ ಬರೆಯುತ್ತೇನೆ. ಓದಿದ್ದೆಲ್ಲ ಕನ್ನಡ ಮಾಧ್ಯಮ. ಇಂಗ್ಲಿಷ್ ಕಲಿತದ್ದು 36ನೇ ವಯಸ್ಸಿಗೆ, ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ, ಫೋನಿನಲ್ಲಿ. ಈಗ ಭಾನುವಾರ ಬೆಳಗ್ಗೆ ನಮ್ಮ ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಸೇರುತ್ತಾರೆ. ಅಂಗಡಿ ಇಟ್ಟವರು, ಟೇಲರಿಂಗ್ ಮಾಡುವವರು, ಅಂಗನವಾಡಿಯವರು, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗೆ ಹೋಗುವವರು. ಹೊಸಬರು ಬಂದಾಗಲೆಲ್ಲ ಕೇಳುವುದು ಅವೇ ಪ್ರಶ್ನೆಗಳು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ನನಗೆ 45 ಆಯಿತು. ಈಗ ಕಲಿತರೆ ತಲೆಗೆ ಹೋಗುತ್ತಾ?

ಹೋಗುತ್ತದೆ. ಮಕ್ಕಳಷ್ಟು ಚೆಂದ ಉಚ್ಚಾರ ಬರದೇ ಇರಬಹುದು, ಅದು ನಿಜ. ಆದರೆ ನೀವು ಕಲಬುರಗಿಯವರು. ಮನೆಯಲ್ಲಿ ಕನ್ನಡ, ಸೂಪರ್ ಮಾರ್ಕೆಟ್ ಬಜಾರಿನಲ್ಲಿ ದಖನಿ ಉರ್ದು, ಸೇಡಂ ಕಡೆಯ ಬೀಗರ ಜೊತೆ ತೆಲುಗು, ಆಳಂದ ಕಡೆಯವರು ಸಿಕ್ಕರೆ ನಾಲ್ಕು ಮಾತು ಮರಾಠಿ. ಇದನ್ನೆಲ್ಲ ಯಾವ ಗ್ರಾಮರ್ ಪುಸ್ತಕ ಓದಿ ಕಲಿತಿರಿ? ಕೇಳಿ ಕೇಳಿ, ತಪ್ಪು ತಪ್ಪಾಗಿ ಮಾತಾಡಿ, ಎದುರಿನವರು ತಿದ್ದಿದಾಗ ಸರಿ ಮಾಡಿಕೊಂಡು ಕಲಿತಿರಿ ಅಲ್ವಾ? ಇಂಗ್ಲಿಷ್ ಕೂಡ ಹಾಗೇ ಬರುತ್ತದೆ. ದಖನಿ ಮಾತಾಡುವಾಗ ಇಲ್ಲದ ನಾಚಿಕೆ ಇಂಗ್ಲಿಷ್ ಮಾತಾಡುವಾಗ ಬರುತ್ತದೆ. ಕಲಿಯೋಕೆ ಅಡ್ಡ ನಿಲ್ಲುವುದು ವಯಸ್ಸಲ್ಲ, ಆ ನಾಚಿಕೆ.

ಇನ್ನೊಂದು ವಿಷಯ. ನಿಮಗೆ ಆಗಲೇ ನೂರಾರು ಇಂಗ್ಲಿಷ್ ಪದ ಗೊತ್ತು. ಟಿಕೆಟ್, ಬಿಲ್, ರಿಪೇರಿ, ಆಪರೇಷನ್, ಚಾರ್ಜ್, ಬ್ಯಾಲೆನ್ಸ್. ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಪುಟ ಸಾಲುವುದಿಲ್ಲ. ಆದರೆ ಕೆಲವು ಪದಗಳು ನಮ್ಮ ಊರಿಗೆ ಬಂದು ಅರ್ಥ ಬದಲಿಸಿಕೊಂಡಿವೆ, ಅಲ್ಲಿ ಹುಷಾರು. ನಾವು ಊಟ ಮಾಡುವ ಹೋಟೆಲ್ ಇಂಗ್ಲಿಷಿನವರಿಗೆ ರೆಸ್ಟೋರೆಂಟ್. ಹೋಟೆಲ್ ಅಂದರೆ ಅವರಿಗೆ ರಾತ್ರಿ ಉಳಿಯುವ ಜಾಗ. ಕರೆಂಟ್ ಹೋಯಿತು ಅನ್ನೋದಕ್ಕೆ ಅವರು ಪವರ್ ಅನ್ನುವ ಪದ ಬಳಸುತ್ತಾರೆ.

ಎ ಬಿ ಸಿ ಡಿ ಗೊತ್ತು, ಅಷ್ಟೇ. ಎಲ್ಲಿಂದ ಶುರು ಮಾಡಲಿ?

ಸರ್ಕಾರಿ ಶಾಲೆಯ ಇಂಗ್ಲಿಷ್ ಪುಸ್ತಕದಿಂದ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಎಲ್ಲ ತರಗತಿಯ ಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತವೆ. ಮೂರನೇ ಅಥವಾ ನಾಲ್ಕನೇ ಕ್ಲಾಸಿನದು ಇಳಿಸಿಕೊಳ್ಳಿ. ಮಕ್ಕಳ ಪುಸ್ತಕ ಅಂತ ಹಿಂಜರಿಯಬೇಡಿ, ಅದನ್ನು ಮಾಡಿರುವುದೇ ಕನ್ನಡ ಗೊತ್ತಿರುವವರಿಗಾಗಿ.

ಅದರ ಜೊತೆ ಸ್ಟೋರಿವೀವರ್ ನೋಡಿ. ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ಶುರು ಮಾಡಿದ ತಾಣ. ಚಿತ್ರ ಇರುವ ಚಿಕ್ಕ ಕಥೆಗಳು, ಓದುವ ಮಟ್ಟ ನೋಡಿ ಬೇರೆ ಬೇರೆ ಮಾಡಿಟ್ಟಿದ್ದಾರೆ. ಒಂದೇ ಕಥೆ ಕನ್ನಡದಲ್ಲೂ ಸಿಗುತ್ತದೆ, ಇಂಗ್ಲಿಷಿನಲ್ಲೂ ಸಿಗುತ್ತದೆ. ಮೊದಲು ಕನ್ನಡದ್ದು ಓದಿ. ಕಥೆ ಗೊತ್ತಾಯಿತಲ್ಲ, ಈಗ ಇಂಗ್ಲಿಷಿನದು ತೆಗೆಯಿರಿ. ಡಿಕ್ಷನರಿ ಮುಟ್ಟದೆ ಅರ್ಧ ತಾನಾಗೇ ತಿಳಿಯುತ್ತದೆ. ನಾನು ಬೇರೆ ಏನು ಬಿಟ್ಟರೂ ಇದನ್ನು ಬಿಡುವುದಿಲ್ಲ, ಈಗಲೂ ಹೊಸಬರಿಗೆ ಮೊದಲು ಕೊಡುವುದು ಇದನ್ನೇ.

ಎ1, ಎ2, ಬಿ1 ಅಂತ ಎಲ್ಲ ಕಡೆ ಬರೆದಿರುತ್ತಾರಲ್ಲ, ಏನದು?

ಯುರೋಪಿನವರು 2001ರಲ್ಲಿ ಹೊರತಂದ ಅಳತೆ. ಒಟ್ಟು ಆರು ಮೆಟ್ಟಿಲು: ಎ1, ಎ2, ಬಿ1, ಬಿ2, ಸಿ1, ಸಿ2. ಹೆಸರು, ಊರು, ಬೆಲೆ ಕೇಳಿ ಹೇಳುವಷ್ಟು ಬಂದರೆ ಎ1. ಬ್ಯಾಂಕು, ಆಸ್ಪತ್ರೆ, ರೈಲು ಇಂಥ ಕಡೆ ಕೆಲಸ ಆಗುವಷ್ಟು ಬಂದರೆ ಎ2. ತನ್ನ ಕೆಲಸದ ಬಗ್ಗೆ, ಊರಿನ ಬಗ್ಗೆ ನಿಂತು ಮಾತಾಡುವಷ್ಟು ಆದರೆ ಬಿ1. ಪಾಠ ಆರಿಸುವಾಗ ಇದನ್ನು ನೋಡಿ. ನಮ್ಮಲ್ಲಿ ಜಾಸ್ತಿ ಜನ ಎ1 ಇದ್ದಾಗ ಬಿ2 ವಿಡಿಯೊ ಹಾಕಿಕೊಂಡು, ಏನೂ ತಿಳಿಯದೆ, ನನಗೆ ಇದು ಆಗಲ್ಲ ಅಂತ ಬಿಟ್ಟುಬಿಡುತ್ತಾರೆ.

ದುಡ್ಡು ಕೊಡದೆ ಸಿಗುವ ಒಳ್ಳೆಯ ಪಾಠ ಯಾವುವು?

ನಾನು ಬಳಸಿದವನ್ನು ಮಾತ್ರ ಹೇಳುತ್ತೇನೆ.

ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ತಾಣದಲ್ಲಿ ಎ1ರಿಂದಲೇ ಕೇಳುವ ಪಾಠ ಇವೆ. ಪಾಠಕ್ಕೆ ಮುಂಚೆ ಪದಗಳ ಚಿಕ್ಕ ಅಭ್ಯಾಸ, ಆಮೇಲೆ ಧ್ವನಿ, ಕೆಳಗೆ ಅದೇ ಮಾತಿನ ಬರಹ. ಹೊಸಬರಿಗೆ ಅಚ್ಚುಕಟ್ಟು.

ವಾಯ್ಸ್ ಆಫ್ ಅಮೆರಿಕ ರೇಡಿಯೊದವರು 1959ರಲ್ಲಿ ಸ್ಪೆಷಲ್ ಇಂಗ್ಲಿಷ್ ಅಂತ ಶುರು ಮಾಡಿದ್ದರು. ಸುಮಾರು 1500 ಪದಗಳನ್ನೇ ಇಟ್ಟುಕೊಂಡು, ನಿಧಾನವಾಗಿ, ಬಿಡಿಸಿ ಬಿಡಿಸಿ ಓದುವ ಪದ್ಧತಿ. ಅವರದೇ ಲೆಟ್ಸ್ ಲರ್ನ್ ಇಂಗ್ಲಿಷ್ ಅನ್ನುವ ವಿಡಿಯೊ ಸರಣಿ ಇದೆ, ಮೊದಲ ಹಂತಕ್ಕೆ 52 ಪಾಠ. ಹೊಸ ಊರಿಗೆ ಬಂದ ಹುಡುಗಿಯೊಬ್ಬಳು ಮನೆ ಹಿಡಿಯುವುದು, ಕೆಲಸಕ್ಕೆ ಹೋಗುವುದು, ದಾರಿ ತಪ್ಪುವುದು, ಹೀಗೆ ಕಥೆಯ ಹಾಗೆ ಸಾಗುತ್ತದೆ. ವಾರಕ್ಕೆ ಒಂದು ಅಂದರೆ ಒಂದು ವರ್ಷಕ್ಕೆ ಸರಿಹೋಗುತ್ತದೆ. ನಮ್ಮ ಗುಂಪು ಹಿಡಿದದ್ದು ಇದನ್ನೇ.

ಬಿಬಿಸಿಯವರು 1943ರಿಂದ ಇಂಗ್ಲಿಷ್ ಕಲಿಸುತ್ತಿದ್ದಾರೆ. ಅವರ ಸಿಕ್ಸ್ ಮಿನಿಟ್ ಇಂಗ್ಲಿಷ್ ತುಂಬಾ ಚೆನ್ನಾಗಿದೆ. ಇಬ್ಬರು ಮಾತಾಡುತ್ತಾರೆ, ಶುರುವಿಗೆ ಒಂದು ಪ್ರಶ್ನೆ, ಕೊನೆಗೆ ಉತ್ತರ, ನಡುವೆ ಆರು ಹೊಸ ಪದ. ಪೂರ್ತಿ ಮಾತಿನ ಬರಹವೂ ಸಿಗುತ್ತದೆ. ಆದರೆ ಇದು ಬಿ1 ಹತ್ತಿರ ಬಂದವರಿಗೆ. ಮೊದಲ ದಿನವೇ ಹಾಕಿಕೊಳ್ಳಬೇಡಿ.

ಓದೋಕೆ ಸಿಂಪಲ್ ಇಂಗ್ಲಿಷ್ ವಿಕಿಪೀಡಿಯ ಇದೆ. ಮಾಮೂಲಿ ವಿಕಿಪೀಡಿಯದ ಹಾಗೇ, ಆದರೆ ಸಣ್ಣ ವಾಕ್ಯ, ಸುಲಭ ಪದ. ನಿಮಗೆ ಮೊದಲೇ ಗೊತ್ತಿರುವ ವಿಷಯ ಹುಡುಕಿ ಓದಿ: ಕ್ರಿಕೆಟ್, ಸಕ್ಕರೆ ಕಾಯಿಲೆ, ಮಳೆ, ಏನಾದರೂ ಸರಿ.

ಇಷ್ಟೆಲ್ಲ ಇದೆ. ಎಲ್ಲವನ್ನೂ ನೋಡಬೇಕಾ?

ಬೇಡ. ದಯವಿಟ್ಟು ಬೇಡ. ಪಾಠ ಸಿಗಲಿಲ್ಲ ಅಂತ ನಮ್ಮಲ್ಲಿ ಯಾರೂ ಬಿಟ್ಟಿಲ್ಲ, ಪಾಠ ಜಾಸ್ತಿ ಆಗಿ ಬಿಟ್ಟಿದ್ದಾರೆ. ಇವತ್ತು ಒಂದು ಆ್ಯಪ್, ನಾಳೆ ಒಂದು ಚಾನೆಲ್, ನಾಡಿದ್ದು ಯಾರೋ ಕಳಿಸಿದ ಪಿಡಿಎಫ್. ಫೋನ್ ತುಂಬುತ್ತದೆ, ಬಾಯಿಗೆ ಒಂದು ಮಾತೂ ಬರುವುದಿಲ್ಲ.

ಒಂದನ್ನು ಹಿಡಿಯಿರಿ. ಎರಡು ಮೂರು ನಿಮಿಷದ ಒಂದೇ ತುಣುಕನ್ನು ವಾರವಿಡೀ ಇಟ್ಟುಕೊಳ್ಳಿ. ಮೊದಲ ದಿನ ಬರಹ ನೋಡದೆ ಸುಮ್ನೆ ಎರಡು ಸಲ ಕೇಳಿ, ತಿಳಿದಷ್ಟು ತಿಳಿಯಲಿ. ಮಾರನೇ ದಿನ ಬರಹ ಮುಂದಿಟ್ಟುಕೊಂಡು ಕೇಳಿ, ಗೊತ್ತಿಲ್ಲದ ಪದಕ್ಕೆ ಗೆರೆ ಎಳೆಯಿರಿ, ಆದರೆ ಹತ್ತಕ್ಕಿಂತ ಜಾಸ್ತಿ ಪದದ ಅರ್ಥ ಹುಡುಕಬೇಡಿ. ಆಮೇಲೆ ಎರಡು ದಿನ ಅವರು ಹೇಳಿದ ಕೂಡಲೇ ವಿಡಿಯೊ ನಿಲ್ಲಿಸಿ ಅದೇ ಧಾಟಿಯಲ್ಲಿ ಗಟ್ಟಿಯಾಗಿ ಹೇಳಿ, ರೊಟ್ಟಿ ಬಡಿಯುತ್ತಾ ಹೇಳಿದರೂ ನಡೆಯುತ್ತದೆ. ಅಷ್ಟೊತ್ತಿಗೆ ಅರ್ಧ ಬಾಯಿಪಾಠ ಆಗಿರುತ್ತದೆ. ಆಗ ನೋಡದೆ ನಿಮ್ಮ ಧ್ವನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮೂಲದ ಜೊತೆ ಹೋಲಿಸಿ. ಕೊನೆಗೆ ಅದೇ ವಾಕ್ಯಗಳಲ್ಲಿ ಅವರ ಹೆಸರು ತೆಗೆದು ನಿಮ್ಮ ಹೆಸರು, ಅವರ ಊರು ತೆಗೆದು ಕಲಬುರಗಿ, ಅವರ ಕೆಲಸ ತೆಗೆದು ನಿಮ್ಮ ಕೆಲಸ ಹಾಕಿ ಹೇಳಿ. ಒಂದೇ ತುಣುಕು ಏಳು ದಿನ ಅಂದರೆ ಬೇಜಾರಾಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಮೂರನೇ ವಾರ ಅವರ ಬಾಯಿಂದ ತಾನಾಗೇ ಒಂದು ಪೂರ್ತಿ ವಾಕ್ಯ ಬಂದಾಗ ಆ ಮುಖ ನೋಡಬೇಕು, ನನಗೆ ಕಣ್ಣಲ್ಲಿ ನೀರು ಬಂದಿದೆ.

ದುಡ್ಡು ಕಟ್ಟಿ ಕೋರ್ಸ್ ಸೇರಿದರೆ ಬೇಗ ಬರುತ್ತಾ?

ನಾನು ಒಮ್ಮೆ 6,000 ರೂಪಾಯಿ ಕಟ್ಟಿದ್ದೆ. 45 ದಿನದಲ್ಲಿ ಇಂಗ್ಲಿಷ್ ಅಂದಿದ್ದರು. ಕೊಟ್ಟಿದ್ದು 500 ವಾಕ್ಯಗಳ ಜೆರಾಕ್ಸ್. ವಿಮಾನದಲ್ಲಿ ಕಿಟಕಿ ಸೀಟು ಕೇಳುವುದು, ದೊಡ್ಡ ಹೋಟೆಲಿನಲ್ಲಿ ರೂಮು ಹಿಡಿಯುವುದು, ಇಂಥವೇ. ನನಗೆ ಬೇಕಿದ್ದದ್ದು ಲಾರಿ ಹೊರಟಿದೆ, ಬಿಲ್ ಕಳಿಸಿದ್ದೇನೆ, ಹಿಂದಿನ ಬಾಕಿ ಯಾವಾಗ ಕೊಡುತ್ತೀರಿ, ಈ ಮೂಟೆಯಲ್ಲಿ ತೇವ ಜಾಸ್ತಿ ಇದೆ ಅನ್ನುವ ಮಾತು. ಅದರಲ್ಲಿ ಒಂದೂ ಇರಲಿಲ್ಲ. ಆ ದುಡ್ಡು ಕೂಡಿಸೋಕೆ ಎಷ್ಟು ತಿಂಗಳು ಹಿಡಿದಿತ್ತು ಅಂತ ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ.

ಅದಕ್ಕೆ ಮೊದಲು ನಿಮ್ಮ ಪಟ್ಟಿ ಮಾಡಿ. ಒಂದು ದಿನದಲ್ಲಿ ನೀವು ಕನ್ನಡದಲ್ಲಿ ಆಡುವ 30 ಕೆಲಸದ ಮಾತು ಬರೆದುಕೊಳ್ಳಿ. ಅವನ್ನು ಇಂಗ್ಲಿಷಿಗೆ ತರುವುದೇ ನಿಮ್ಮ ಕೋರ್ಸ್. ಆಮೇಲೂ ಕಲಿಸುವವರು ಬೇಕು ಅನ್ನಿಸಿದರೆ ಸೇರಿ, ಆದರೆ ನಾನು ಎಷ್ಟು ಹೊತ್ತು ಮಾತಾಡುತ್ತೇನೆ, ನನ್ನ ತಪ್ಪು ಯಾರು ತಿದ್ದುತ್ತಾರೆ ಅಂತ ಎರಡು ಪ್ರಶ್ನೆ ಕೇಳಿ ದುಡ್ಡು ಕಟ್ಟಿ.

ಗ್ರಾಮರ್ ಮೊದಲಾ, ಮಾತು ಮೊದಲಾ?

ಮಾತು ಮೊದಲು. ಸಂಶಯ ಬಂದಾಗ ಗ್ರಾಮರ್ ತೆಗೆಯಿರಿ. ಆ ವಾರದ ಪಾಠದಲ್ಲಿ ಬಂದಷ್ಟೇ ಸಾಕು.

ಕನ್ನಡದವರು ಜಾಸ್ತಿ ಮಾಡುವ ತಪ್ಪು ಯಾವುವು?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಯಾಕಂದರೆ ನಮ್ಮ ತಪ್ಪುಗಳು ಸುಮ್ನೆ ಬರುವುದಿಲ್ಲ, ಕನ್ನಡದ ಒಳಗಿಂದ ಬರುತ್ತವೆ. ಎಲ್ಲಿಂದ ಬಂತು ಅಂತ ಗೊತ್ತಾದರೆ ತಿದ್ದುವುದು ಸುಲಭ.

ಮೊದಲನೆಯದು ಮರ್ಯಾದೆ. ನಾವು ಅಪ್ಪ ಬಂದರು, ಅವರು ಊಟ ಮಾಡಿದರು ಅನ್ನುತ್ತೇವೆ. ಅದನ್ನೇ ಇಂಗ್ಲಿಷಿಗೆ ತಂದು, ಒಬ್ಬ ಅಪ್ಪನಿಗೆ ದೇ ಅನ್ನುತ್ತೇವೆ. ಕೇಳುವವರಿಗೆ ಎಷ್ಟು ಜನ ಬಂದರು ಅಂತ ಗೊಂದಲ. ಇಂಗ್ಲಿಷಿನಲ್ಲಿ ಅಪ್ಪನಿಗೂ ಹೀ, ಮಠದ ಸ್ವಾಮಿಗಳಿಗೂ ಹೀ, ಅವ್ವನಿಗೂ ಮೇಡಂಗೂ ಶೀ. ನಮ್ಮ ಗುಂಪಿನಲ್ಲಿ ಒಬ್ಬ ಹಿರಿಯರು ತೀರಿಹೋದ ತಮ್ಮ ತಂದೆಗೆ ಹೀ ಅನ್ನೋಕೆ ಎರಡು ವಾರ ಒಪ್ಪಲಿಲ್ಲ. ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು. ಅಲ್ಲಿ ಮರ್ಯಾದೆ ಇರುವುದು ಸರ್, ಪ್ಲೀಸ್, ಕುಡ್ ಯೂ ಅನ್ನುವ ಮಾತುಗಳಲ್ಲಿ, ಹೀ ಶೀ ಒಳಗಲ್ಲ ಅಂತ ತಿಳಿದ ಮೇಲೆ ಒಪ್ಪಿದರು.

ಎರಡನೆಯದು ಹೌದು, ಇಲ್ಲ. ನಿನ್ನೆ ಬರಲಿಲ್ವಾ ಅಂತ ಕೇಳಿದರೆ ನಾವು ಹೌದು, ಬರಲಿಲ್ಲ ಅನ್ನುತ್ತೇವೆ. ಕೇಳಿದವರ ಮಾತು ಸರಿ ಅನ್ನೋದಕ್ಕೆ ನಮ್ಮ ಹೌದು. ಇಂಗ್ಲಿಷಿನಲ್ಲಿ ಹಾಗಲ್ಲ. ಬಂದಿದ್ದರೆ ಯೆಸ್, ಬಂದಿಲ್ಲದಿದ್ದರೆ ನೋ, ಪ್ರಶ್ನೆ ಹೇಗೇ ಇರಲಿ. ನೋ, ಐ ಡಿಡಂಟ್ ಅನ್ನಬೇಕು. ವ್ಯಾಪಾರದ ಫೋನಿನಲ್ಲಿ ಇದು ದೊಡ್ಡ ಎಡವಟ್ಟು ಮಾಡುತ್ತದೆ. ಮಾಲು ಬಂದಿಲ್ವಾ ಅಂತ ಕೇಳಿದಾಗ ಯೆಸ್ ಅಂದರೆ, ಬಂದಿದೆ ಅಂತ ಬರೆದುಕೊಳ್ಳುತ್ತಾರೆ.

ಮೂರನೆಯದು ಚಿಕ್ಕ ಪದಗಳ ಜಾಗ. ಕನ್ನಡದಲ್ಲಿ ಅವು ಹಿಂದೆ ಅಂಟುತ್ತವೆ: ಬೀದರ್‌ನಿಂದ, ಯಾದಗಿರಿಗೆ, ಮನೆಯಲ್ಲಿ. ಇಂಗ್ಲಿಷಿನಲ್ಲಿ ಮುಂದೆ ಬರುತ್ತವೆ: ಫ್ರಮ್ ಬೀದರ್, ಟು ಯಾದಗಿರಿ, ಇನ್ ದ ಹೌಸ್. ಕ್ರಿಯಾಪದವೂ ಹಾಗೇ. ನಾವು ಕೊನೆಗೆ ಇಡುತ್ತೇವೆ, ಅವರು ನಡುವೆ ಇಡುತ್ತಾರೆ. ನಾನು ಚಹಾ ಕುಡಿದೆ ಅನ್ನೋದು ಐ ಡ್ರ್ಯಾಂಕ್ ಟೀ.

ಎ ಮತ್ತು ದ ಎಲ್ಲರಿಗೂ ತಲೆನೋವು. ಒಂದು ದಾರಿ ಹೇಳುತ್ತೇನೆ. ಗಂಜ್‌ನಲ್ಲಿ ಒಂದು ಅಂಗಡಿ ನೋಡಿದೆ, ಆ ಅಂಗಡಿ ಮುಚ್ಚಿತ್ತು. ಈ ಮಾತಿನ ಒಂದು ಅನ್ನೋದೇ ಎ, ಆ ಅನ್ನೋದೇ ದ. ಎಲ್ಲ ಕಡೆ ಇದು ಹೊಂದುವುದಿಲ್ಲ, ಆದರೆ ಮೊದಲ ವರ್ಷಕ್ಕೆ ಸಾಕು.

ಇನ್ನು ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್ ಅನ್ನೋದು. ಇದೆ, ಗೊತ್ತು, ಬೇಕು, ಇಷ್ಟ, ಈ ನಾಲ್ಕಕ್ಕೆ ಇಂಗ್ ಬಾಲ ಹಚ್ಚಬೇಡಿ. ಐ ಹ್ಯಾವ್, ಐ ನೋ, ಐ ವಾಂಟ್, ಐ ಲೈಕ್. ಊಟ ಮಾಡುತ್ತಿದ್ದೇನೆ ಅನ್ನೋಕೆ ಮಾತ್ರ ಹ್ಯಾವಿಂಗ್ ಲಂಚ್ ಅನ್ನಬಹುದು, ಅದರ ಅರ್ಥವೇ ಬೇರೆ.

ಉಚ್ಚಾರ ಸರಿಯಾಗಬೇಕಾದರೆ?

ನಮ್ಮ ಭಾಗದವರಿಗೆ ಒಂದು ಲಾಭ ಇದೆ, ಯಾರೂ ಹೇಳುವುದಿಲ್ಲ. ದಖನಿ ಕೇಳಿ ಬೆಳೆದವರ ಬಾಯಿಗೆ ಜ಼ ಮತ್ತು ಫ಼ ಚೆನ್ನಾಗಿ ತಿರುಗುತ್ತದೆ. ಜ಼ಮೀನು, ರೋಜ಼ಾ, ಫ಼ಕೀರ ಅಂತ ನೀವು ಹೇಳುವಾಗ ಬರುವ ಧ್ವನಿಯೇ ಜ಼ೀರೋ ಮತ್ತು ಫ಼ಾದರ್‌ನಲ್ಲಿ ಇರುವುದು. ಬಂದೇನವಾಜ಼್ ಅಂತ ಸರಿಯಾಗಿ ಹೇಳುವವರಿಗೆ ಇಂಗ್ಲಿಷಿನ ಜ಼ಡ್ ಕಲಿಸುವ ಕೆಲಸವೇ ಇಲ್ಲ.

ಕಷ್ಟ ಇರುವುದು ವಿ ಮತ್ತು ಡಬ್ಲ್ಯೂ. ನಮಗೆ ಎರಡೂ ವ. ವಿ ಅನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಡಬ್ಲ್ಯೂಗೆ ಹಲ್ಲು ಬೇಡ, ದೀಪ ಊದುವಾಗಿನ ಹಾಗೆ ತುಟಿ ದುಂಡಗೆ ಮಾಡಿ. ಕನ್ನಡಿ ಮುಂದೆ ನಿಂತು ವ್ಯಾನ್, ವಾಟರ್ ಅಂತ ಹತ್ತು ಸಲ ಹೇಳಿ ನೋಡಿ. ಇನ್ನೊಂದು, ಪದದ ಕೊನೆಗೆ ಉ ಸೇರಿಸುವ ರೂಢಿ: ಬಸ್ಸು, ಕಾರ್ಡು, ಬ್ಯಾಂಕು. ಕನ್ನಡ ಮಾತಾಡುವಾಗ ಅದೇ ಚೆಂದ. ಇಂಗ್ಲಿಷ್ ಮಾತಾಡುವಾಗ ಬಾಯಿ ಅಲ್ಲೇ ನಿಲ್ಲಲಿ.

ಪದದ ಯಾವ ಭಾಗಕ್ಕೆ ಒತ್ತು ಅನ್ನೋದೂ ಮುಖ್ಯ. ರೆಕಾರ್ಡ್ ಅನ್ನುವ ಪದದಲ್ಲಿ ಒತ್ತು ಮೊದಲಿಗೆ ಬಿದ್ದರೆ ದಾಖಲೆ, ಕೊನೆಗೆ ಬಿದ್ದರೆ ದಾಖಲಿಸು. ಇದನ್ನು ನಿಯಮದಿಂದ ಕಲಿಯೋಕಾಗಲ್ಲ, ಕೇಳಿಯೇ ಕಲಿಯಬೇಕು. ಯೂಟ್ಯೂಬ್‌ನಲ್ಲಿ ವೇಗ 0.75ಕ್ಕೆ ಇಳಿಸಿ ಕೇಳಿ. ಇಂಗ್ಲೆಂಡಿನವರ ಹಾಗೆ ಮಾತಾಡಬೇಕು ಅಂತೇನಿಲ್ಲ, ಕೇಳಿದವರಿಗೆ ತಿಳಿದರೆ ಸಾಕು.

ಡಿಕ್ಷನರಿ ಯಾವುದು ಒಳ್ಳೆಯದು?

ಕನ್ನಡ ಪದ ಗೊತ್ತಿದ್ದು ಇಂಗ್ಲಿಷ್ ಬೇಕಾದಾಗ ಅಲರ್. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು, 2019ರಿಂದ ಎಲ್ಲರಿಗೂ ಪುಕ್ಕಟೆ. ಒಂದೂವರೆ ಲಕ್ಷದಷ್ಟು ಪದ ಇವೆ. ಒಬ್ಬ ಮನುಷ್ಯ ಇಷ್ಟು ಮಾಡಿ ಸುಮ್ನೆ ಊರಿಗೆಲ್ಲ ಹಂಚಿದರಲ್ಲ ಅಂತ ಅದನ್ನು ತೆರೆದಾಗಲೆಲ್ಲ ಅನ್ನಿಸುತ್ತದೆ.

ಗೂಗಲ್ ಟ್ರಾನ್ಸ್‌ಲೇಟ್, ಎಐ ಚಾಟ್ ಬಳಸಬಹುದಾ?

ಬಳಸಿ, ಆದರೆ ಮೊದಲು ನೀವು ಬರೆಯಿರಿ. ತಪ್ಪಾದರೂ ಪರವಾಗಿಲ್ಲ, ಒಂದು ವಾಕ್ಯ ಸ್ವಂತ ಬರೆದು ಆಮೇಲೆ ಎಐಗೆ ಕೊಟ್ಟು, ತಪ್ಪಿದ್ದರೆ ತಿದ್ದು, ಯಾಕೆ ತಪ್ಪು ಅಂತ ಕನ್ನಡದಲ್ಲಿ ಹೇಳು ಅಂತ ಕೇಳಿ. ಮೊದಲೇ ಕೇಳಿಬಿಟ್ಟರೆ ಕೆಲಸ ಆಗುತ್ತದೆ, ಕಲಿಕೆ ಆಗಲ್ಲ. ಅದು ಹೇಳಿದ್ದೆಲ್ಲ ಸರಿ ಅಂತಲೂ ನಂಬಬೇಡಿ. ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ. ಆಧಾರ್ ನಂಬರು, ಬ್ಯಾಂಕಿನ ವಿವರ ಇರುವ ಕಾಗದ ಅದಕ್ಕೆ ಕೊಡಬೇಡಿ.

ಹಿಂದಿಯಲ್ಲಿ ಹೇಳಿಕೊಡುವ ವಿಡಿಯೊ ನೋಡಬಹುದಾ?

ತಿಳಿದರೆ ನೋಡಿ. ನೋಟ್ಸ್ ಮಾತ್ರ ಕನ್ನಡದಲ್ಲಿ ಬರೆದುಕೊಳ್ಳಿ.

ನೆಟ್ ಸರಿಯಾಗಿ ಬರಲ್ಲ, ಡೇಟಾ ಮುಗಿದುಹೋಗುತ್ತೆ.

ವಾರಕ್ಕೆ ಒಂದೇ ತುಣುಕು ಅಂದೆನಲ್ಲ, ಅದರ ಇನ್ನೊಂದು ಅನುಕೂಲ ಇದು. ಭಾನುವಾರ ಒಂದು ಸಲ ಆಡಿಯೊ ಇಳಿಸಿಕೊಂಡರೆ ವಾರವಿಡೀ ನೆಟ್ ಬೇಡ. ವಿಡಿಯೊಕ್ಕಿಂತ ಆಡಿಯೊ ಹಗುರ. ಹೊಲದಲ್ಲೂ ಕೇಳಬಹುದು.

ಮಾತಾಡೋಕೆ ಯಾರೂ ಸಿಗಲ್ಲ. ಮನೆಯಲ್ಲಿ ಮಾತಾಡಿದರೆ ಮಗಳು ನಗುತ್ತಾಳೆ.

ನನ್ನ ಮಗಳೂ ನಕ್ಕಳು. ಒಂದು ದಿನ ಕೂರಿಸಿಕೊಂಡು ಹೇಳಿದೆ: ನೀನು ಚಿಕ್ಕವಳಿದ್ದಾಗ ಕನ್ನಡ ತಪ್ಪು ತಪ್ಪು ಮಾತಾಡುತ್ತಿದ್ದೆ, ಆಗ ನಾವು ನಕ್ಕಿಲ್ಲ, ಎತ್ತಿ ಮುದ್ದು ಮಾಡಿದ್ದೆವು. ಅವತ್ತಿಂದ ಅವಳೇ ನನ್ನ ಟೀಚರ್. ನೀವೂ ಮಕ್ಕಳಿಗೆ ಆ ಕೆಲಸ ಕೊಡಿ, ಅವರ ಇಂಗ್ಲಿಷೂ ಸುಧಾರಿಸುತ್ತದೆ.

ಅದಾಗದಿದ್ದರೆ ನಿಮ್ಮ ಹಾಗೇ ಕಲಿಯುವ ಇನ್ನೊಬ್ಬರನ್ನು ಹುಡುಕಿ. ದಿನಕ್ಕೆ ಒಂದು ನಿಮಿಷದ ವಾಟ್ಸ್‌ಆ್ಯಪ್ ವಾಯ್ಸ್ ಕಳಿಸಿಕೊಳ್ಳಿ. ಇವತ್ತು ಏನು ಅಡುಗೆ, ಗಂಜ್‌ನಲ್ಲಿ ತೊಗರಿ ಏನು ರೇಟು, ಬಿಸಿಲು ಎಷ್ಟು. ಬೇಸಿಗೆಯಲ್ಲಿ ಬಿಸಿಲಿನ ಬಗ್ಗೆ ಮಾತಾಡೋಕೆ ನಮ್ಮೂರಲ್ಲಿ ವಿಷಯಕ್ಕೆ ಬರವಿಲ್ಲ.

ಎಷ್ಟು ದಿನದಲ್ಲಿ ಬರುತ್ತೆ?

ಕೇಂಬ್ರಿಡ್ಜ್ ಪರೀಕ್ಷೆ ನಡೆಸುವವರ ಅಂದಾಜಿನಂತೆ ಶುರುವಿನಿಂದ ಎ2 ಮುಟ್ಟೋಕೆ 180ರಿಂದ 200 ಗಂಟೆ ಕಲಿಕೆ ಬೇಕು, ಬಿ1ಕ್ಕೆ 350ರಿಂದ 400. ದಿನಕ್ಕೆ ಅರ್ಧ ಗಂಟೆ ಹಿಡಿದರೆ 200 ಗಂಟೆಗೆ 400 ದಿನ. ಅಂದರೆ ಈ ಸಲ ತೊಗರಿ ಬಿತ್ತುವಾಗ ಶುರು ಮಾಡಿದರೆ ಮುಂದಿನ ಬಿತ್ತನೆ ಮುಗಿಯುವ ಹೊತ್ತಿಗೆ. 45 ದಿನ ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ.

ಸರ್ಟಿಫಿಕೇಟ್ ಬೇಕು.

ಕೇಂದ್ರ ಸರ್ಕಾರದ ಸ್ವಯಂ ತಾಣ 2017ರಲ್ಲಿ ಶುರುವಾಯಿತು. ಅಲ್ಲಿ ಇಂಗ್ಲಿಷ್ ಕೋರ್ಸ್‌ಗಳೂ ಇವೆ. ಕಲಿಯೋದು ಪುಕ್ಕಟೆ, ಸರ್ಟಿಫಿಕೇಟ್ ಬೇಕಾದರೆ ಫೀ ಕಟ್ಟಿ ಪರೀಕ್ಷೆ ಬರೆಯಬೇಕು. ಪಾಠ ಇಂಗ್ಲಿಷಿನಲ್ಲೇ ಇರುವುದರಿಂದ ಒಂದು ವರ್ಷ ಆದ ಮೇಲೆ ನೋಡಿ.

ನಮ್ಮ ಅವ್ವನಿಗೆ ಓದು ಬರಹ ಬರಲ್ಲ. ಅವರೂ ಕಲಿಯಬಹುದಾ?

ಕಲಿಯಬಹುದು. ಕಿವಿಯಿಂದ. ಕಲಬುರಗಿ ರೈಲ್ವೆ ಸ್ಟೇಷನ್ನಿನಲ್ಲಿ ಒಂದೇ ಮಾತನ್ನು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೇಳುತ್ತಾರೆ. ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ? ಆ ಅನೌನ್ಸ್‌ಮೆಂಟ್ ಫೋನಿನಲ್ಲಿ ರೆಕಾರ್ಡ್ ಮಾಡಿ ತಂದು ಮನೆಯಲ್ಲಿ ಕೇಳಿಸಿ. ಒಂದರಿಂದ ಇಪ್ಪತ್ತರವರೆಗೆ ಅಂಕಿ, ಆಮೇಲೆ ಪ್ಲಾಟ್‌ಫಾರಂ, ಅರೈವಿಂಗ್, ಲೇಟ್, ಅಷ್ಟು ಸಾಕು ಶುರುವಿಗೆ. ಪಕ್ಕದ ಮನೆಯ ಅತ್ತೆಯವರು ಮಗಳ ಊರು ಸೊಲ್ಲಾಪುರಕ್ಕೆ ಹೊರಟಿದ್ದರು, ನಾನು ಕಳಿಸೋಕೆ ಹೋಗಿದ್ದೆ. ಗದ್ದಲದಲ್ಲಿ ಕನ್ನಡದ್ದು ನನಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಅವರೇ ಚೀಲ ಎತ್ತಿಕೊಂಡು ಎದ್ದರು. ಟೂ ಅಂದ್ರಲ್ಲವಾ, ನಡಿ, ಎರಡನೇದಕ್ಕೆ ಬರ್ತದ ಗಾಡಿ ಅಂದರು.